ಕಿತ್ತುಹಾಕುವ ಮುನ್ನ ಈರಣ್ಣನನ್ನು ಕೇಳಿ

ಇವತ್ತು ಬೆಳಿಗ್ಗೆ ಹಾಲು ಕಾಸಿದೆ, ಎಂಟು ರೊಟ್ಟಿ ಬಡಿದೆ, ಹೆಸರುಕಾಳಿನ ಪಲ್ಯ ಮಾಡಿದೆ, ನಮ್ಮ ಯಜಮಾನರ ಕನ್ನಡಕ ಹುಡುಕಿಕೊಟ್ಟೆ, ಅದು ಫ್ರಿಜ್ಜಿನ ಮೇಲಿತ್ತು. ಒಂಬತ್ತಕ್ಕೆ ಕಂಪ್ಲಿಯ ರೈಸ್ ಮಿಲ್ಲಿಗೆ ಬಂದು, ನಾನು ಗುಮಾಸ್ತಿಕೆ ಮಾಡುವ ಮೇಜಿನ ಮೇಲಿನ ಕಂಪ್ಯೂಟರ್ ಹಾಕಿದೆ. ಅದು ತೆರೆದುಕೊಳ್ಳುವಷ್ಟರಲ್ಲಿ ಮೇಜು ಒರೆಸಿದೆ, ಊದುಬತ್ತಿ ಹಚ್ಚಿದೆ, ಚಹಾ ಕುಡಿದು ಲೋಟ ತೊಳೆದಿಟ್ಟೆ. ಆದರೂ ಅದು ತೆರೆದಿರಲಿಲ್ಲ.

ತಪ್ಪು ನನ್ನದೇ. ಪರದೆಯ ಮೇಲೆ ಏನಾದರೂ ಬಂದು ‘ಒಳಗೆ ಬರಲೇ?’ ಎಂದು ಕೇಳಿದರೆ ನಾನು ಆಗಲಿ ಎಂದು ಒತ್ತಿಬಿಡುತ್ತೇನೆ. ಬಂದವರಿಗೆ ಇಲ್ಲ ಅನ್ನುವ ರೂಢಿ ನಮ್ಮ ಮನೆತನದಲ್ಲಿಲ್ಲ. ಹೀಗೆ ವರ್ಷಗಟ್ಟಲೆ ಒಳಗೆ ಸೇರಿದವರೆಲ್ಲ ಸೇರಿ ಈಗ ಕಂಪ್ಯೂಟರಿಗೇ ಕಾಲಿಡಲು ಜಾಗವಿಲ್ಲದಂತೆ ಮಾಡಿದ್ದರು. ಮಿಲ್ಲಿನ ಸಾಹುಕಾರರು ಬಾಗಿಲಲ್ಲೇ ನಿಂತು ಹೇಳಿದರು: “ಅಕ್ಕಾರ, ಮಧ್ಯಾಹ್ನ ಎಮ್ಮಿಗನೂರಿನ ಭತ್ತದ ಟ್ರ್ಯಾಕ್ಟರ್ ಬರ್ತಾವ. ತೂಕದ ಚೀಟಿ ಜಲ್ದಿ ಬರಲಿಲ್ಲಂದ್ರ ಈ ಡಬ್ಬಿ ಹೊಸಪೇಟಿಗೆ ಕಳಿಸಿ ಎಲ್ಲಾ ಅಳಿಸಿಬಿಡ್ತೀನಿ.” ಎಲ್ಲಾ ಎಂದರೆ, ನಾನು ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ ಕೂಡಿಸಿಟ್ಟ ಅಷ್ಟೂ ರೈತರ ಹೆಸರು, ಊರು ಸೇರಿ.

ನನಗೆ ಗೊತ್ತಿದ್ದದ್ದು ಒಂದೇ ಉಪಾಯ: ಬೇಡದ ಪ್ರೋಗ್ರಾಮಿನ ಚಿತ್ರವನ್ನು ಎಳೆದು ಪರದೆಯ ಮೇಲಿನ ಕಸದ ಬುಟ್ಟಿಗೆ ಹಾಕುವುದು. ಹೋದ ವಾರ ಪಂಚಾಂಗದ ಪ್ರೋಗ್ರಾಮನ್ನು ಹಾಗೆ ಎಸೆದಿದ್ದೆ. ಮಾರನೆಯ ದಿನ ಅದು ಯಥಾಪ್ರಕಾರ ಬಂದು ರಾಹುಕಾಲ ಹೇಳಿತು. ಅದನ್ನು ಕೇಳಿ ನಕ್ಕವನು ನಮ್ಮ ಮಿಲ್ಲಿನ ಫಿಟ್ಟರ್ ಈರಣ್ಣ. “ಬಾಗಿಲಿನ ಬೋರ್ಡು ಕಿತ್ತೀರಿ ಅಕ್ಕಾರ. ಆಸಾಮಿ ಒಳಗ ಕುಂತಾನ.”

ಈರಣ್ಣ ಕಂಪ್ಯೂಟರ್ ಮುಟ್ಟಿದವನಲ್ಲ. ಆದರೆ ಮಿಲ್ಲಿನ ಮಷೀನಿನ ಬೆಲ್ಟಿಗೆ ಕೈ ಹಾಕುವ ಮೊದಲು ಫ್ಯೂಸು ಕಿತ್ತು ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾನೆ. ಅವನೇ ಹಾಕುವ ತನಕ ಸಾಹುಕಾರರೂ ಅದನ್ನು ಕೇಳುವಂತಿಲ್ಲ. ಇಷ್ಟು ವರ್ಷದಲ್ಲಿ ಅವನ ಹತ್ತೂ ಬೆರಳು ಹಾಗೇ ಇವೆ. ಅಂಥವನನ್ನು ನಂಬದೆ ಇನ್ಯಾರನ್ನು ನಂಬಲಿ?

ಕರೆದೆ. ಅವನು ಬಂದು ಸ್ಟೂಲು ಎಳೆದು ಕೂತ. ಮೊದಲು ರೈತರ ಪಟ್ಟಿಯನ್ನು ಪೆನ್ ಡ್ರೈವಿಗೆ ಇಳಿಸಲು ಹೇಳಿದ. ಆಮೇಲೆ ಒಳಗಿರುವ ಪ್ರೋಗ್ರಾಮುಗಳ ಪೂರ್ತಿ ಪಟ್ಟಿ ತೆರೆಸಿ, ಒಬ್ಬೊಬ್ಬರ ವಿಚಾರಣೆ ಶುರು ಮಾಡಿದ. “ಇದನ್ನ ಯಾರು ತಂದ್ರು?” ಇಸ್ಪೀಟಿನ ಆಟ ಬಂದಾಗ ಸಾಹುಕಾರರು ಕೆಮ್ಮಿ ಹೊರಗೆ ಹೋದರು. ಕಂಪ್ಯೂಟರ್ ಸ್ವಚ್ಛ ಮಾಡುತ್ತೇವೆಂದು ಬಂದ ಮೂರು ಪ್ರೋಗ್ರಾಮು ನನ್ನವು. “ಮೂರು ಮಂದಿ ಕಸ ಗುಡಿಸೋರು. ಅಂಗಳದ ತುಂಬ ಅವರ ನಿಂತಾರ,” ಎಂದ. ಮಿಲ್ಲಿನ ಮಷೀನಿಗೆ ಹೇಗೋ ಇದಕ್ಕೂ ಹಾಗೇ ಅಂತ ಅವನ ಲೆಕ್ಕ: ಓಡುತ್ತಿರುವುದನ್ನು ಮೊದಲು ನಿಲ್ಲಿಸಬೇಕು, ಆಮೇಲೆ ಆ ಪಟ್ಟಿಯಿಂದಲೇ ತೆಗೆಯಬೇಕು, ಒಂದು ತೆಗೆದ ಮೇಲೆ ಮಷೀನು ಬಂದ್ ಮಾಡಿ ಮತ್ತೆ ಹಾಕಿ ನೋಡಬೇಕು, ಆಮೇಲೇ ಇನ್ನೊಂದು. ನನಗೋ ಎಲ್ಲವನ್ನೂ ಒಟ್ಟಿಗೆ ಗುಡಿಸುವ ಅವಸರ.

ಕೊನೆಗೊಂದು ಉಳಿಯಿತು. ಅರ್ಧ ಇಂಗ್ಲಿಷ್ ಅಕ್ಷರ, ಅರ್ಧ ಅಂಕಿ, ಬಾಯಲ್ಲಿ ಹೇಳಲಾಗದ ಹೆಸರು. ಇಂಥ ಹೆಸರಿನವನು ಸಂಭಾವಿತನಾಗಿರಲು ಸಾಧ್ಯವಿಲ್ಲವೆಂದು ಬೆರಳಿಟ್ಟೆ.

“ತಡೀರಿ. ಇದು ಬಂದ ತಾರೀಖು ಓದ್ರಿ.”

ಓದಿದೆ. ಅವನು ಎದ್ದು ಅಂಗಳದಲ್ಲಿರುವ, ಟ್ರ್ಯಾಕ್ಟರ್ ತೂಗುವ ಕಾಟಾದ ಹತ್ತಿರ ಹೋದ. ಅದನ್ನು ಕೂಡಿಸಿದ ದಿನ ಹಸಿ ಸಿಮೆಂಟಿನಲ್ಲಿ ಮೊಳೆಯಿಂದ ತಾನೇ ಗೀಚಿದ್ದ ತಾರೀಖನ್ನು ನೋಡಿ ಬಂದ. ಎರಡೂ ಒಂದೇ.

“ಇವ ಕಾಟಾದ ಆಳು. ಇವನ್ನ ಕಿತ್ತಿದ್ರ ಟ್ರ್ಯಾಕ್ಟರ್ ತೂಕ ನೀವ ಕೈಯಾಗ ಎತ್ತಿ ಹೇಳಬೇಕಿತ್ತು.”

ಆ ಸಿಮೆಂಟನ್ನು ನಾನು ದಿನಕ್ಕೆರಡು ಸಲ ದಾಟುತ್ತೇನೆ. ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ಈ ಸಲ ಕಂಪ್ಯೂಟರ್ ಚಕ್ಕನೆ ತೆರೆಯಿತು. ಊಟ ಮುಗಿಯುವ ತನಕ ಯಾರೂ ಮುಟ್ಟಬಾರದೆಂದು, ಈರಣ್ಣನ ಫ್ಯೂಸಿನ ಪದ್ಧತಿಯಂತೆ, ವೈರಿಲ್ಲದ ಮೌಸನ್ನು ನನ್ನ ಊಟದ ಚೀಲಕ್ಕೆ ಹಾಕಿಕೊಂಡೆ. ನನ್ನ ರೊಟ್ಟಿ, ಪಲ್ಯ, ಅವನ ಮನೆಯ ಶೇಂಗಾ ಚಟ್ನಿ, ಎರಡು ಉಳ್ಳಾಗಡ್ಡಿ, ಹಂಚಿಕೊಂಡು ಉಂಡೆವು. ಅವನು ಗೋಣಿಚೀಲದ ಮೇಲೆ ಅಡ್ಡಾದ. ಕಣ್ಣು ಮುಚ್ಚಿದ್ದನ್ನು ನಾನೇ ನೋಡಿದೆ, ಆದ್ದರಿಂದ ಮೊದಲು ಮಲಗಿದ್ದು ಅವನೇ ಎಂದು ಬರೆಯಬೇಕೆಂದಿದ್ದೆ.

ಆದರೆ ಹಾರ್ನ್ ಕೇಳಿ ನಾನು ಎದ್ದಾಗ ಮೂರು ಟ್ರ್ಯಾಕ್ಟರ್ ಸಾಲಾಗಿ ನಿಂತಿದ್ದವು, ಸಾಹುಕಾರರು ಮೇಜಿನ ಕೆಳಗೆ ಮೌಸು ಹುಡುಕುತ್ತಿದ್ದರು, ಈರಣ್ಣ ನನ್ನ ಪಕ್ಕದಲ್ಲಿ ಕೈಕಟ್ಟಿ ಕಾಯುತ್ತಿದ್ದ. ಚೀಲ ನನ್ನ ತಲೆಯ ಕೆಳಗಿತ್ತು.

“ನನ್ನನ್ನ ಎಬ್ಬಿಸಬಾರದಿತ್ತೇ ಈರಣ್ಣ?” ಎಂದೆ.

“ಇಟ್ಟುಕೊಂಡವರು ತಾವ ಎದ್ದು ಕೊಡಬೇಕಲ್ಲ ಅಕ್ಕಾರ,” ಎಂದ.