ಏಕಾದಶಿಯ ದಿನ ಮಾವನ ಉಸಿರು

ನಮ್ಮ ಸೋದರಮಾವನಿಗೆ ಹುಚ್ಚು ಎಂದು ನಾನು ಹೇಳುವುದಿಲ್ಲ. ಡೆಲ್ಲಿಯ ವಸಂತ್ ಕುಂಜ್‌ನ ಅವರ ಬ್ಲಾಕಿನವರು ಹೇಳುತ್ತಾರೆ, ನಾನು ತಲೆಯಾಡಿಸುತ್ತೇನೆ, ಅಷ್ಟೇ. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಕುರ್ಚಿ ಬಿಟ್ಟೇಳದೆ ಕೆಲಸ ಮಾಡಿದವರು ನಿವೃತ್ತಿಯ ಮರುದಿನವೇ ಓಡತೊಡಗಿದರೆ ಜನ ಏನೆಂದುಕೊಳ್ಳಬೇಕು? ಅದೂ ಹಣೆಯಲ್ಲಿ ಗೋಪೀಚಂದನದ ನಾಮ, ಕೆಳಗೆ ಹಳದಿ ಚಡ್ಡಿ! ಹಾಲಿನ ಭಯ್ಯಾ ಸೈಕಲ್ ನಿಲ್ಲಿಸಿ ಕೇಳಿದನಂತೆ: "ಅಂಕಲ್ ಜೀ, ಯಾರು ಅಟ್ಟಿಸಿಕೊಂಡು ಬರ್ತಿದ್ದಾರೆ?"

"ವಯಸ್ಸು" ಎಂದು ಮಾವ ನಿಲ್ಲದೆ ಮುಂದೆ ಹೋದರು.

ಕರೋಲ್ ಬಾಗ್‌ನಲ್ಲಿ ಬೂಟು ಕೊಳ್ಳುವಾಗ ನಾನೂ ಜೊತೆಗಿದ್ದೆ. ಬೂಟು ಹಾಕಿಕೊಂಡವರೇ ಅಂಗಡಿಯಿಂದ ಹೊರಗೆ ಹಾರಿ ಗಲ್ಲಿಯುದ್ದಕ್ಕೂ ಓಡಿದರು. ಕಳ್ಳನೆಂದುಕೊಂಡ ಅಂಗಡಿಯವನು ಹೊಟ್ಟೆ ಕುಲುಕಿಸುತ್ತ, ರಿಕ್ಷಾಗಳ ನಡುವೆ ನುಸುಳುತ್ತ ಬೆನ್ನಟ್ಟಿದ. ಮಾವ ಒಂದು ಸುತ್ತು ಮುಗಿಸಿ ಅಂಗಡಿಗೇ ಮರಳಿ, ಏದುಸಿರು ಬಿಡುತ್ತಿದ್ದವನ ಬೆನ್ನು ತಟ್ಟಿ, "ಬೂಟು ಚೆನ್ನಾಗಿದೆ. ನಿಮಗೂ ಒಂದು ಜೊತೆ ಬೇಕು" ಎಂದರು.

ಇಂಥವರ ದೊಡ್ಡ ಓಟ ಮಾನೇಸರ್ ಆಚೆಯ ಅರಾವಳಿ ಗುಡ್ಡಗಳಲ್ಲಿ, ಐವತ್ತು ಕಿಲೋಮೀಟರ್. ಅದು ಬಿದ್ದದ್ದು ಏಕಾದಶಿಯ ದಿನ.

"ಓಟ ಬಿಡಿ" ಎಂದೆ.

"ವರ್ಷಕ್ಕೊಂದೇ ಸಲ ಬರೋದು."

"ಹಾಗಾದ್ರೆ ಉಪವಾಸ ಬಿಡಿ."

"ಡೆಲ್ಲಿಗೆ ಬಂದಿದ್ದು ಸಂಬಳಕ್ಕೆ ಕಣೋ, ಏಕಾದಶಿ ಬಿಡೋಕಲ್ಲ."

ಬರೀ ನೀರು ಕುಡಿದು ಓಡಿದರು. ಮುಗಿಸಿದರು ಕೂಡ! ಅವರ ಅರ್ಧದಷ್ಟು ವಯಸ್ಸಿನವರು ದಾರಿಯಲ್ಲಿ ಕುಳಿತಿದ್ದಾಗ ನಮ್ಮ ಮಾವ ನಾಮ ಅಳಿಸಿಹೋದ ಹಣೆಯೊಂದಿಗೆ ಗೆರೆ ದಾಟಿದರು. ಆಗ ಅತ್ತೆಯ ಜೊತೆ ಗೆರೆಯ ಬಳಿ ನಿಂತಿದ್ದ ನಾನು ಪಕ್ಕದಲ್ಲಿದ್ದ ಅಪರಿಚಿತರಿಗೆಲ್ಲ "ನಮ್ಮ ಮಾವ, ನಮ್ಮ ಮಾವ" ಎಂದು ಹೇಳುತ್ತಿದ್ದೆ.

ಪದಕ ಕೊರಳಿಗೆ ಬಿದ್ದ ಮೇಲೆ ಮಾವ ತೂರಾಡಿದರು. ಮಾತು ತೊದಲಿತು. ಹಿಡಿದುಕೊಂಡ ಸ್ವಯಂಸೇವಕ ಮುಖ ಸಿಂಡರಿಸಿದ. "ಅಂಕಲ್ ಕುಡಿದಿದ್ದಾರೆ. ಚಲೋ, ಗಾಡಿಯಲ್ಲಿ ಮಲಗಿಸಿ, ಇಳಿದುಹೋಗುತ್ತೆ."

ಈರುಳ್ಳಿಯನ್ನೂ ಮುಟ್ಟದ ನಮ್ಮ ಮಾವ! ಆದರೆ ಬಗ್ಗಿ ಮೂಸಿದರೆ ನಿಜವಾಗಿಯೂ ವಾಸನೆ ಇತ್ತು. ಕೊಳೆತ ಸೇಬಿನದೋ, ಉಗುರಿನ ಬಣ್ಣ ಅಳಿಸುವ ದ್ರವದ್ದೋ, ಅಂಥದ್ದು. ಇಬ್ಬರು ಸ್ವಯಂಸೇವಕರು ಅವರನ್ನು ನಮ್ಮ ಕಾರಿನವರೆಗೆ ನಡೆಸಿಯೂ ಬಿಟ್ಟಿದ್ದರು. ಮಲಗಿಸಿಬಿಟ್ಟಿದ್ದರೆ? ಈಗಲೂ ಆ ಹಿಂದಿನ ಸೀಟಿನಲ್ಲಿ ಯಾರಾದರೂ ಕಣ್ಣು ಮುಚ್ಚಿದರೆ ಎಬ್ಬಿಸಿಬಿಡುತ್ತೇನೆ.

ಅಷ್ಟರಲ್ಲಿ ಓಟದ ಡಾಕ್ಟರಮ್ಮ ಓಡಿಬಂದು ಮಾವನ ಬಾಯಿಗೆ ಮೂಗು ತಂದರು. "ಇದು ದಾರೂ ಅಲ್ಲ. ಬೆಳಿಗ್ಗೆಯಿಂದ ಏನು ತಿಂದಿದ್ದಾರೆ?"

"ಇವತ್ತು ಏಕಾದಶಿ. ಬರೀ ನೀರು" ಎಂದರು ಅತ್ತೆ.

"ನಿನ್ನೆ ರಾತ್ರಿ?"

"ನಿನ್ನೆ ದಶಮಿ. ರಾತ್ರಿ ಊಟ ಇಲ್ಲ."

ಡಾಕ್ಟರಮ್ಮ ಚೀಲದಿಂದ ಸಕ್ಕರೆ ಅಳೆಯುವ ಯಂತ್ರ ತೆಗೆದರು. ಮಾವನ ಬೆರಳು ಚುಚ್ಚಿ ಯಂತ್ರ ನೋಡಿದಾಗ ಅವರ ದನಿ ಬದಲಾಯಿತು. "ಮೈಯಲ್ಲಿದ್ದ ಸಕ್ಕರೆ ಖಾಲಿಯಾಗಿ ಕೊಬ್ಬು ಉರಿದಿದೆ, ಉಸಿರಲ್ಲಿ ಬರ್ತಿರೋದು ಅದರ ವಾಸನೆ. ವಾಸನೆಗೆ ಹೆದರಬೇಕಿಲ್ಲ, ಸಕ್ಕರೆ ಇಷ್ಟು ಇಳಿದಿರೋದಕ್ಕೆ ಹೆದರಬೇಕು. ನಿದ್ದೆಗೆ ಬಿಟ್ಟರೆ ಏಳದೇ ಹೋಗಬಹುದು. ಗ್ಲೂಕೋಸ್ ಕುಡಿಸಿ."

ನಾನು ಹಿಡಿದ ಲೋಟ ತುಟಿಗೆ ತಾಕಿದೊಡನೆ ಮಾವ ಬಾಯಿ ಬಿಗಿದರು. "ನಾಳೆ... ಪಾರಣೆ..."

"ಏನಂತಾರೆ?"

"ನಾಳೆ ಬೆಳಿಗ್ಗೆ ಕುಡೀತಾರಂತೆ" ಎಂದೆ.

"ನಾಳೆ ಬೆಳಿಗ್ಗೆ ಇವರು ಇರಬೇಕಲ್ಲ?" ಡಾಕ್ಟರಮ್ಮ ಸೂಜಿ ಹಿಡಿದು ಕೈಯಲ್ಲಿ ನರ ಹುಡುಕುತ್ತಿದ್ದರು. ನರ ಸಿಗುತ್ತಿರಲಿಲ್ಲ. ಮಾವನ ಕಣ್ಣುಗಳು ಮುಚ್ಚಿಕೊಳ್ಳತೊಡಗಿದವು. ನಾನು ಕೈಮುಗಿದೆ, ಗದರಿದೆ. ಬಾಯಿ ತೆರೆಯಲಿಲ್ಲ.

ಅತ್ತೆಯದೂ ಏಕಾದಶಿಯೇ. ಮದುವೆಯಾದಾಗಿನಿಂದ, ಜ್ವರ ಬಂದಾಗಲೂ ತಪ್ಪಿಸಿದವರಲ್ಲ. ಅವರು ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಮಾವನ ಕೆನ್ನೆ ತಟ್ಟಿ, "ಇಲ್ಲಿ ನೋಡಿ" ಎಂದರು. ಮಾವ ಕಣ್ಣು ತೆರೆದಾಗ, ಅವರೆದುರಿಗೇ ತಾವು ಎರಡು ಗುಟುಕು ಕುಡಿದರು.

"ನನ್ನದು ಮುರೀತು" ಎಂದರು. "ಈಗ ಆ ಪಾಪ ಹೊತ್ಕೊಂಡು ನರಕಕ್ಕೆ ನಾನೊಬ್ಬಳೇ ಹೋಗ್ಬೇಕಾ?"

ಮಾವ ಅತ್ತೆಯ ಒದ್ದೆ ತುಟಿಯನ್ನೇ ನೋಡಿದರು. ಆಮೇಲೆ ನಿಧಾನವಾಗಿ ಬಾಯಿ ತೆರೆದರು.