ಕಾಕಾನ ಮನಿಗಾಡಿಯ ಹೊಸ ಟೈರು

ನಮ್ಮ ಕಾಕಾ ಏನನ್ನಾದರೂ ಕೊಳ್ಳುವುದು ಬಳಸುವುದಕ್ಕೆ ಎಂದುಕೊಂಡಿದ್ದರೆ ನಿಮಗೆ ನಮ್ಮ ಕಾಕಾ ಗೊತ್ತಿಲ್ಲ! ಕೊಂಡದ್ದನ್ನು ಕೊನೆಯವರೆಗೂ ಹೊಸದಾಗಿ ಇಡುವುದು ಅವರ ವ್ರತ. ಒಮ್ಮೆ ಬೆಟಗೇರಿ ಸಂತೆಯಿಂದ ಸುರಿಯುವ ಮಳೆಯಲ್ಲಿ ತೊಯ್ದು ತೊಪ್ಪೆಯಾಗಿ ಬಂದರು. ಅಂಗಿಯೊಳಗೆ, ಕಂಕುಳಲ್ಲಿ, ಹೊಸ ಕೊಡೆ ಬೆಚ್ಚಗಿತ್ತು. ಯಾಕೆ ಬಿಚ್ಚಲಿಲ್ಲ ಎಂದು ಕೇಳಿದ್ದಕ್ಕೆ, "ಕೊಡಿ ತೊಯ್ದರ ಕಡ್ಡಿಗೆ ಜಂಗ ಹಿಡಿತೈತಿ ಲೇ ಶ್ಯಾಣ್ಯಾ!" ಎಂದು ನನಗೇ ಬೈದರು.

ಇಂಥವರು ಒಂದು ಹಳೆಯ ಟೆಂಪೊ ಕೊಂಡರು. ಅವರ ಹೆಂಡತಿ, ನಮ್ಮ ಕಾಕೂಗೆ ಬೆನ್ನುನೋವು, ಬಸ್ಸಿನಲ್ಲಿ ಅರ್ಧ ತಾಸು ಕೂರಲಾರಳು. ಬಾಳೆಹೊಸೂರಿನ ತವರಿಗೆ ಮಲಗಿಕೊಂಡೇ ಹೋಗಿಬರಲಿ ಎಂದು ಒಳಗೆ ಮಂಚ, ಗ್ಯಾಸಿನ ಒಲೆ, ಕಿಟಕಿಗೆ ಹೂವಿನ ಪರದೆ. ಕೆಳಗೆ ಹೊಚ್ಚಹೊಸ ಟೈರುಗಳು! ಹೆಸರು ಮನಿಗಾಡಿ.

ಮನಿಗಾಡಿ ಹಿತ್ತಲಿನ ಬೇವಿನ ಮರದ ಕೆಳಗೆ ನಿಂತಿತು. ನಿಂತೇ ಇತ್ತು. ಮಳೆಗಾಲದಲ್ಲಿ ಕೆಸರು, ಸುಗ್ಗಿಯಲ್ಲಿ ರಸ್ತೆ ತುಂಬ ಕಡಲೆಯ ಒಕ್ಕಣೆ, ಬೇಸಿಗೆಯಲ್ಲಿ ಕರಗುವ ಡಾಂಬರು. ಆ ಟೈರುಗಳಿಗೆ ತಕ್ಕ ರಸ್ತೆಯನ್ನು ಸರಕಾರ ಇನ್ನೂ ಮಾಡಿರಲಿಲ್ಲ, ಪಾಪ, ಕಾಕಾ ಏನು ಮಾಡಿಯಾರು?

ನಮ್ಮ ರಜೆಗಳೆಲ್ಲ ಅದರೊಳಗೇ ಕಳೆದವು. ಕಾಕಾ ದಿನಾ ಎಂಜಿನ್ ಚಾಲೂ ಮಾಡಿ, ಸ್ಟೇರಿಂಗ್ ಹಿಡಿದು, "ಲಕ್ಷ್ಮೇಶ್ವರ ಬಂತು, ಇಳೀರಿ!" ಎನ್ನುವರು. ನಾವು ಹಿತ್ತಲಿಗೆ ಇಳಿದು ಮತ್ತೆ ಹತ್ತುತ್ತಿದ್ದೆವು. ಕಾಕೂ ಮಂಡಕ್ಕಿಯ ಗಿರ್ಮಿಟ್ಟು ಮಾಡಿ ಕೊಡುತ್ತಿದ್ದಳು. ಆಮೇಲೆ ನಾನು ಎಷ್ಟೋ ಊರು ತಿರುಗಿದ್ದೇನೆ, ಅಂಥ ಪ್ರಯಾಣ ಮತ್ತೆ ಸಿಕ್ಕಿಲ್ಲ.

ಪ್ರತಿ ಅಮಾವಾಸ್ಯೆಗೆ ಗಾಡಿಗೆ ಲಿಂಬೆಹಣ್ಣು, ಊದಿನಕಡ್ಡಿ. ಮುಗಿದ ಮೇಲೆ ಟೈರುಗಳಿಗೆ ಕುಸುಬಿ ಎಣ್ಣೆಯ ಮಾಲೀಶು!

"ಇಷ್ಟ ಎಣ್ಣ್ಯಾಗ ಓಣಿಗೆಲ್ಲಾ ಬದನಿಕಾಯಿ ಎಣ್ಣಿಗಾಯಿ ಮಾಡ್ತಿದ್ದೆ," ಎಂದು ಕಾಕೂ ಗೊಣಗುವಳು.

"ಎಣ್ಣಿಗಾಯಿ ತಿಂದ್ರ ಮುಗೀತೈತಿ. ಟೈರ್ ನೋಡ, ಹೆಂಗ ಮಿಂಚತಾವು!"

ನಾನು ದೊಡ್ಡವನಾಗಿ ನೌಕರಿ ಹಿಡಿದೆ. ಗಾಡಿ ಅಲ್ಲೇ ಇತ್ತು. ಆಗಾಗ ಬಂದುಹೋಗುತ್ತಿದ್ದ ಕಾಕೂನ ಅಕ್ಕ ವಯಸ್ಸಾಗಿ ಬರುವುದನ್ನು ಬಿಟ್ಟಳು. ಕಳೆದ ಚಳಿಗಾಲ ಬಾಳೆಹೊಸೂರಿನಿಂದ ಫೋನ್ ಬಂತು. ಅಕ್ಕನಿಗೆ ಮರೆವು, ಮನೆಯವರ ಗುರುತೇ ಹತ್ತುತ್ತಿಲ್ಲ.

"ಅಕ್ಕ ನನ್ನ ಪೂರಾ ಮರಿಯೂದ್ರೊಳಗ ಒಮ್ಮೆ ಕರ್ಕೊಂಡ ಹೋಗ್ರಿ," ಎಂದಳು ಕಾಕೂ.

ಕಾಕಾ ರಸ್ತೆಯ ಸುದ್ದಿ ಎತ್ತಲೇ ಇಲ್ಲ. ನೇರ ಹೋಗಿ ಕೀಲಿಕೈ ತಂದರು. ರಜೆಗೆ ಬಂದಿದ್ದ ನಾನೂ ಹತ್ತಿದೆ.

ಮುಳಗುಂದ ಇನ್ನೂ ದಾಟಿರಲಿಲ್ಲ, ಢಂ!

"ಯಾರ ಮದಿವಿ ಲೇ? ಪಟಾಕಿ ಹಾರಸಾಕತ್ತಾರ!"

"ನಮ್ಮದ ಮದಿವೀರಿ, ಇಳದ ನೋಡ್ರಿ!" ಎಂದಳು ಕಾಕೂ, ಮಂಚದ ಮೇಲಿಂದ.

ಟೈರಿನ ಮೇಲ್ಮೈ ಅಂಗಡಿಯಿಂದ ಆಗಷ್ಟೇ ತಂದಂತಿತ್ತು, ಬದಿಯಲ್ಲಿ ಮಾತ್ರ ಒಡೆದ ಹಿಮ್ಮಡಿಯಂಥ ಬಿರುಕುಗಳು. ಸ್ಟೆಪ್ನಿ ಹಾಕಿದೆವು. ಅದಕ್ಕೂ ಅಷ್ಟೇ ವಯಸ್ಸು, ಅದಕ್ಕೂ ಮಾಲೀಶು ತಪ್ಪಿರಲಿಲ್ಲವಲ್ಲ! ಸ್ವಲ್ಪ ದೂರ ಹೋಗುವಷ್ಟರಲ್ಲಿ ಅದೂ ಸಿಡಿಯಿತು. ಲಕ್ಷ್ಮೇಶ್ವರದ ಗ್ಯಾರೇಜಿಗೆ ಫೋನ್ ಮಾಡಿ, ಎಲ್ಲ ಗಾಲಿಗೂ ಹೊಸ ಟೈರು ತರಲು ಹೇಳಿ, ಹುಣಸೆಮರದ ನೆರಳಿನಲ್ಲಿ ಕೂತೆವು.

"ಒಮ್ಮಿನೂ ಓಡಿಲ್ಲಲೇ ಇವು. ಹೆಂಗ ಹೋದ್ವು?" ಎಂದರು ಕಾಕಾ, ಒಡೆದ ಟೈರು ಸವರುತ್ತ.

"ಓಡಲಾರದ್ದಕ್ಕ ಹೋದ್ವು ಕಾಕಾ. ನಿಂತ ನಿಂತ ರಬ್ಬರ್ ಒಣಗೈತಿ. ಉಳದದ್ದ ನಿಮ್ಮ ಎಣ್ಣಿ ತಿಂದೈತಿ."

ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. ಅಕ್ಕನಿಗೆಂದು ತಂದ ಶೇಂಗಾ ಹೋಳಿಗೆಯ ಡಬ್ಬಿ ಹಿಡಿದು ಗಾಡಿಯೊಳಗೆ ಮಲಗಿದ್ದ ಕಾಕೂನನ್ನೇ ಬಹಳ ಹೊತ್ತು ನೋಡಿದರು.

ಹೊಸ ಟೈರು ಹಾಕಿಸಿಕೊಂಡು ಬಾಳೆಹೊಸೂರು ಮುಟ್ಟಿದಾಗ ಸಂಜೆಯಾಗಿತ್ತು. ಅಕ್ಕ ಕಟ್ಟೆಯ ಮೇಲೆ ಕೂತಿದ್ದಳು. ಕಾಕೂ ಎದುರಿಗೆ ನಿಂತಳು. ಅಕ್ಕ ಅವಳ ಗಲ್ಲ, ಮೂಗು, ಹಣೆ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು.

"ಸಣ್ಣಾಕಿ! ಯಾಕ ಇಷ್ಟ ತಡಾ ಮಾಡಿದಿಬೇ?"

ಕಾಕೂ ಗಂಡನ ಕಡೆ ತಿರುಗಿಯೂ ನೋಡಲಿಲ್ಲ. "ದಾರ್‍ಯಾಗ ಟೈರ್ ಒಡದಿತ್ತಬೇ ಅಕ್ಕಾ," ಎಂದಳು.

ಅಷ್ಟು ವರ್ಷಗಳ ತಡವನ್ನೆಲ್ಲ ಒಂದು ಟೈರಿನ ಮೇಲೆ ಹೊರಿಸಿಬಿಟ್ಟಳು! ಕಾಕಾನಿಗೆ ಅದು ತಡೆಯಲಾಗಲಿಲ್ಲ. ಕಟ್ಟೆಯ ಬುಡದಲ್ಲಿ ಕುಸಿದು ಕೂತು, ಕಣ್ಣೀರು ಒರೆಸಿಕೊಳ್ಳದೇ ಹೇಳಿದರು:

"ಟೈರ್ ಅಲ್ರಿ ಅಕ್ಕಾರ, ತಪ್ಪು ನಂದು. ಬರೂ ವಾರಾನೂ ಕರ್ಕೊಂಡ ಬರ್ತೀನಿ. ಅದರ ಮುಂದಿನ ವಾರಾನೂ ಬರ್ತೀನಿ. ಟೈರ್ ಸವದ ಹೋಗೂಮಟಾ ಬರ್ತೀನ್ರಿ."