ಮಾವ ರಾಗಿ ಬಿಟ್ಟದ್ದು

ನಮ್ಮ ಸೋದರಮಾವನಿಗೆ ಬರುವುದು ಎರಡೇ ಭಾಷೆ: ಮಂಡ್ಯದ ಕನ್ನಡ, ಬ್ಯಾಂಕಿನ ಇಂಗ್ಲಿಷ್. ಮೂರನೆಯದಾಗಿ ತೆಲುಗೂ ಬರುತ್ತದೆ ಎಂಬುದು ಅವರ ವಾದ! "ಕನ್ನಡಕ್ಕೆ 'ಅಂಡಿ' ಅಂಟಿಸಿದ್ರೆ ತೆಲುಗು ಕಣ್ಲಾ." ವಿಜಯವಾಡಕ್ಕೆ ವರ್ಗವಾದ ವಾರದಲ್ಲೇ ಪಟಮಟದ ತರಕಾರಿಯವಳ ಹತ್ತಿರ "ಸೊಪ್ಪು ಕೊಡಂಡಿ" ಎಂದರಂತೆ. ಅವಳು ಕಿರಾಣಿ ಅಂಗಡಿಗೆ ಕೈ ತೋರಿಸಿದಳು. ಮಾವ ಸೋಪು ಹಿಡಿದು ಮನೆಗೆ ಬಂದರು!

ಅವರ ಮಗಳ ಕೈ ನಡುಗತೊಡಗಿ, ಕಣ್ಣು ಹಳದಿಯಾದಾಗ ಬೆಂಜ್ ಸರ್ಕಲ್ ಹತ್ತಿರದ ಆಸ್ಪತ್ರೆಗೆ ತೋರಿಸಿದರು. ಡಾಕ್ಟರು ಇಂಗ್ಲಿಷಿನಲ್ಲಿ ಶುರುಮಾಡಿದರೆ ಮಾವ ತಡೆದರಂತೆ: "ಇಂಗ್ಲಿಷ್ ವದ್ದು, ತೆಲುಗುಲೋ ಚೆಪ್ಪಂಡಿ!"

ವಿಶಾಖಪಟ್ಟಣದ ಔಷಧ ಕಂಪನಿಯಲ್ಲಿದ್ದ ನಾನು ರೈಲು ಹತ್ತಿ ಬಂದು ನೋಡಿದರೆ, ರಾಗಿಹಿಟ್ಟು, ಮುದ್ದೆ ಮಾಡುವ ಪಾತ್ರೆ ಎರಡೂ ಮನೆಯಿಂದ ಗಡೀಪಾರು. ಹುಡುಗಿಯ ಕೈಯಲ್ಲಿ ಮಾತ್ರ ತಾಮ್ರದ ಚೊಂಬಿನ ನೀರು!

"ಡಾಕ್ಟ್ರು ಏನಂದ್ರು ಮಾವ?"

"'ಪಾಪ ಲಿವರ್‌ಲೋ ರಾಗಿ ಪೇರುಕುಪೋಯಿಂದಂಡಿ, ರಾಗಿ ಪಾತ್ರಲು ವಾಡಕಂಡಿ.' ಮುದ್ದೆ ಲಿವರ್‌ನಾಗೆ ಕೂತ್ಬುಟ್ಟದೆ, ರಾಗಿ ಪಾತ್ರೆ ಬಳಸ್ಬ್ಯಾಡಿ ಅಂದ್ರು ಕಣ್ಲಾ!"

ನಾನು ಚೊಂಬು ಕಿತ್ತುಕೊಂಡೆ. "ಮಾವ, ತೆಲುಗಿನಲ್ಲಿ ರಾಗಿ ಅಂದ್ರೆ ತಾಮ್ರ!"

"ಮತ್ತೆ ರಾಗಿಗೇನಂತಾರೆ?"

"ನಮ್ಮ ವಿಶಾಖದ ಕಡೆ ಚೋಳ್ಳು."

"ಅದು ಜೋಳ ಅಲ್ವಾ?"

"ಜೋಳಕ್ಕೆ ಜೊನ್ನ."

"ಇವ್ರಿಗೆ ತಲೆ ಕೆಟ್ಟದೆ!"

ಕೂರಿಸಿ ವಿವರಿಸಿದೆ. ಜೀವಕೋಶಕ್ಕೆ ತಾಮ್ರ ಬೇಕೇ ಬೇಕು, ಆದರೆ ಒಂಟಿಯಾಗಿ ಅಲೆಯಲು ಬಿಟ್ಟರೆ ವಿಷ. ಅದಕ್ಕೇ ಒಳಗೆ ಬಂದ ಕೂಡಲೇ ಒಂದು ಪ್ರೋಟೀನು ಕೈಹಿಡಿದು ಬೇಕಾದ ಕಡೆಗೆ ಮುಟ್ಟಿಸುತ್ತದೆ. ಹೆಚ್ಚಾದದ್ದನ್ನು ಲಿವರು ಪಿತ್ತಕ್ಕೆ ತಳ್ಳುತ್ತದೆ. ಇವಳಲ್ಲಿ ಆ ತಳ್ಳುವ ಪಂಪೇ ಹುಟ್ಟಿನಿಂದ ಕೆಟ್ಟಿದೆ.

"ಬೆಂಜ್ ಸರ್ಕಲ್ ಇದ್ದಂಗೆ ಅನ್ನು. ಗಾಡಿ ಬತ್ತಾನೇ ಅವೆ, ಹೋಗೋ ರಸ್ತೆ ಬಂದ್."

ಖಂಡಿಸೋಣವೆಂದರೆ ಪೂರಾ ಸರಿ! "ಜೀವನಪೂರ್ತಿ ಮಾತ್ರೆ ತಗೊಂಡ್ರೆ ತಾಮ್ರ ಮೂತ್ರದಲ್ಲಿ ಹೋಗುತ್ತೆ, ಹುಡುಗಿ ಚೆನ್ನಾಗಿರ್ತಾಳೆ."

"ಗಾಡಿಗಳ್ನ ಆಟೋನಗರ್ ರಸ್ತೆಗೆ ತಿರುಗ್ಸೋದು ಅನ್ನು!"

ನಾವು ನಕ್ಕೆವು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅತ್ತೆ ನಗಲಿಲ್ಲ. "ಹುಟ್ಟಿನಿಂದ ಅಂದ್ರೆ... ನಾನು ಹೆತ್ತದ್ದೇ ಹಿಂಗಾ?" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಒಳಗೆ ಹೋದರು.

ಮಾವ ನನ್ನನ್ನು ಜಗಲಿಗೆ ಎಳೆದರು. "ಯಾರಿಂದ್ಲಾ ಬಂದದ್ದು? ನಿಜ ಹೇಳು."

"ಇಬ್ಬರಿಂದಲೂ. ಒಬ್ಬರಿಂದ ಮಾತ್ರ ಬಂದಿದ್ದರೆ ಈ ಕಾಯಿಲೆಯೇ ಆಗ್ತಿರಲಿಲ್ಲ."

ಮಾವ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. "ನಿಮ್ಮತ್ತೆಗೆ ಅದನ್ನ ಹೇಳ್ಬ್ಯಾಡ. ಪೂರಾ ನಂದೇ ಅನ್ನು."

ಚರ್ಚಾಸ್ಪರ್ಧೆಗಳಲ್ಲಿ ಒಂದಕ್ಷರ ಬಿಟ್ಟುಕೊಡದವನು ನಾನು. ಆದರೂ ಅಡುಗೆಮನೆಗೆ ಹೋಗಿ ಹೇಳಿದೆ: "ಅತ್ತೆ, ಇದು ಮಾವನ ಕಡೆಯಿಂದ ಬಂದದ್ದು."

ಹಿಂದೆಯೇ ಬಂದ ಮಾವ, ವಾದ ಗೆದ್ದವರಂತೆ ಎದೆ ತಟ್ಟಿಕೊಂಡರು:

"ಕೇಳುಸ್ಕೊಂಡ್ಯಾ? ನಮ್ ವಂಶದ್ದೇ!"